‘ಪರವಾಗಿಲ್ಲ ಡಾಕ್ಟ್ರೇ’ ಅಂದರೆ ಸಾಲದು

ಗುಳಿಗೆಗೆ ಗಡ್ಡೆ ಕರಗಿತು, ಸರಿ. ರಾತ್ರಿ ನಿದ್ದೆ ಬಂತೇ? ಬಸ್ಸು ಹತ್ತಲಾಯಿತೇ? ಸಂಜೆತನಕ ಗಲ್ಲಾ ಮುಂದೆ ಕೂರಲಾಯಿತೇ? ಹೊಸ ಔಷಧದ ಪ್ರಯೋಗಗಳಲ್ಲಿ ಈಗ ಇದನ್ನೂ ಕೇಳುವುದುಂಟು. ಬದುಕಿನ ಗುಣಮಟ್ಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿರುವ ಕಿರು ಪಟ್ಟಿಯಲ್ಲಿ 26 ಪ್ರಶ್ನೆಗಳಿವೆ.

ತೊಡಕಿರುವುದು ಉತ್ತರದಲ್ಲಿ. ಡಾಕ್ಟ್ರಿಗೆ ಬೇಜಾರಾದೀತೆಂದು ಎಲ್ಲಕ್ಕೂ ‘ಪರವಾಗಿಲ್ಲ’ ಅಂದುಬಿಟ್ಟರೆ, ಒಗ್ಗದ ಔಷಧವೂ ಒಳ್ಳೆಯದೆಂದೇ ದಾಖಲಾದೀತು. ನಾಳೆ ಅದನ್ನು ನುಂಗುವವರು ಊರ ಜನವೇ!

ಹಾಗಂತ ಹೆದರಬೇಕಿಲ್ಲ. 2019ರ ನಿಯಮದಂತೆ ಒಪ್ಪಿಗೆ ಬರೆಸಿಕೊಳ್ಳದೆ ಸೇರಿಸುವಂತಿಲ್ಲ. ಬೇಡವೆನಿಸಿದಾಗ ಬಿಡಬಹುದು, ಮಾಮೂಲಿ ಚಿಕಿತ್ಸೆ ತಪ್ಪದು. ಪ್ರಯೋಗದಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಉಂಟು.

ಸಹಿಗೆ ಮುನ್ನ ಕಾಗದ ಓದಿಸಿಕೊಳ್ಳಿ. ಉತ್ತರ ಹೇಳುವಾಗ ದಾಕ್ಷಿಣ್ಯ ಬಿಡಿ.