ಮಾತಾಡುವವರಿಗೆ ಮಾತ್ರ ಬಹುಮಾನವೇ?



ಹಗಲೆಲ್ಲ ಕೋಡ್ ಬರೆದು, ಸಂಜೆ ಅದರೊಳಗಿನ ಬಗ್ ಹುಡುಕುವ ನನ್ನಂಥವನಿಗೆ ನಟನೆಯ ಬಗ್ಗೆ ತೀರ್ಪು ಕೊಡುವ ಯೋಗ್ಯತೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೂ ಕಳೆದ ಚಳಿಗಾಲದಲ್ಲಿ ನಮ್ಮಪ್ಪನ ಜೊತೆ ಕೂತು 'ಬಾಸ್ಟನ್ ಲೀಗಲ್' ನೋಡಿದ ಮೇಲೆ ಒಂದು ಮಾತು ಹೇಳದೆ ಇರಲಾರೆ.

2004ರಿಂದ 2008ರವರೆಗೆ ಎಬಿಸಿಯಲ್ಲಿ ಬಂದ ಕೋರ್ಟ್ ಧಾರಾವಾಹಿ ಇದು. ಒಟ್ಟು 101 ಕಂತು. ಲೈಬ್ರರಿಯಿಂದ ಡಿವಿಡಿ ತಂದೆ. ಅಪ್ಪ ಊರಿನ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಹೊರಗೆ ಹಿಮ, ಒಳಗೆ ಬಿಸಿ ಕಾಫಿ, ಟೀವಿಯಲ್ಲಿ ಕಟಕಟೆ. ಅವರಿಗೆ ಇನ್ನೇನು ಬೇಕು!

ನನ್ನ ಕಣ್ಣಿಗೆ ಮೊದಲು ಬಿದ್ದವನು ವಕೀಲ ಅಲನ್ ಶೋರ್ ಪಾತ್ರದ ಜೇಮ್ಸ್ ಸ್ಪೇಡರ್. ಜ್ಯೂರಿಯ ಮುಂದೆ ಆತ ಮಾಡುವ ಉದ್ದುದ್ದ ವಾದ ಕೇಳಿದರೆ ಎದ್ದು ಚಪ್ಪಾಳೆ ತಟ್ಟಬೇಕು ಅನ್ನಿಸುತ್ತದೆ. ಈ ಧಾರಾವಾಹಿಗಾಗಿ 2005 ಮತ್ತು 2007ರಲ್ಲಿ ಎಮ್ಮಿ ಪ್ರಶಸ್ತಿ ಗೆದ್ದ. 2007ರಲ್ಲಂತೂ 'ಸೊಪ್ರಾನೋಸ್'ನ ಜೇಮ್ಸ್ ಗ್ಯಾಂಡೊಲ್ಫಿನಿಯನ್ನೇ ಹಿಂದಿಕ್ಕಿದ.

"ಮಾತಾಡೋನ್ನ ಎಲ್ಲಾರೂ ನೋಡ್ತಾರೆ ಕಣೋ," ಅಂದರು ಅಪ್ಪ. "ಕೇಳಿಸ್ಕೊಳ್ಳೋರ ಮುಖ ನೋಡು. ಕೇಸು ಯಾವ ಕಡೆ ವಾಲ್ತಿದೆ ಅಂತ ಅಲ್ಲೇ ಗೊತ್ತಾಗುತ್ತೆ."

ಇಂಜಿನಿಯರ್ ಬುದ್ಧಿ ಸುಮ್ಮನಿರುತ್ತದೆಯೇ? ಟೆಸ್ಟ್ ಮಾಡಿದೆ. ಟೀವಿಯ ಧ್ವನಿ ತೆಗೆದು ಅದೇ ಕಂತುಗಳನ್ನು ಮತ್ತೆ ನೋಡಿದೆ. ಧ್ವನಿ ತೆಗೆದರೆ ಬರಹಗಾರ ಡೇವಿಡ್ ಕೆಲ್ಲಿಯ ಚುರುಕು ಮಾತೆಲ್ಲ ಹೋಗಿ, ಉಳಿಯುವುದು ನಟ ಮಾತ್ರ.

ಸ್ಪೇಡರ್ ಪಾಸಾದ, ಆದರೆ ಕ್ಲಾಸಿಗೆ ಮೊದಲಿಗನಾಗಲಿಲ್ಲ. ಡೆನ್ನಿ ಕ್ರೇನ್ ಪಾತ್ರದ ವಿಲಿಯಂ ಶಾಟ್ನರ್ ಮಾತು ಮಾತಿಗೆ ತನ್ನ ಹೆಸರನ್ನೇ ಹೇಳಿಕೊಂಡು ನಗಿಸುತ್ತಾನೆ. ಆದರೆ ಮರೆವಿನ ಕಾಯಿಲೆ ಶುರುವಾಗಿರುವ ಆ ಮುದುಕ, ಹೇಳಬೇಕಾದ್ದು ನೆನಪಾಗದೆ ಅರೆಕ್ಷಣ ಗಾಬರಿಯಾಗುತ್ತಾನಲ್ಲ, ನಟನೆ ಇರುವುದು ಅಲ್ಲಿ. ಜೆರ್ರಿ ಎಸ್ಪೆನ್ಸನ್ ಪಾತ್ರದ ಕ್ರಿಶ್ಚಿಯನ್ ಕ್ಲೆಮೆನ್ಸನ್ ಎರಡೂ ಕೈಯನ್ನು ತೊಡೆಗೆ ಒತ್ತಿಕೊಂಡೇ ನಡೆಯುತ್ತಾನೆ. ಆಸ್ಪರ್ಜರ್ ಇರುವವನ ಪಾತ್ರ. ಸ್ವಲ್ಪ ತಪ್ಪಿದ್ದರೂ ಅಣಕವಾಗುತ್ತಿತ್ತು. ಆಗಲಿಲ್ಲ. 2006ರ ಎಮ್ಮಿ ಆತನಿಗೆ ಸಿಕ್ಕಿದ್ದು ಸರಿಯೇ. ಇನ್ನು ಶರ್ಲಿ ಶ್ಮಿಟ್ ಪಾತ್ರದ ಕ್ಯಾಂಡಿಸ್ ಬರ್ಗನ್. ಸುತ್ತ ಗಂಡಸರು ಕೂಗಾಡುವಾಗ ಆಕೆ ಸುಮ್ಮನೆ ಕೇಳಿಸಿಕೊಳ್ಳುತ್ತಾಳೆ. ಯಾರ ಮಾತು ನಿಜ, ಯಾರದ್ದು ಬೊಗಳೆ ಎಂದು ನನಗೆ ತಿಳಿದದ್ದು ಆಕೆಯ ಹುಬ್ಬಿನಿಂದ. ಈ ಧಾರಾವಾಹಿಗಾಗಿ ಆಕೆಗೆ ಎಮ್ಮಿ ಬರಲೇ ಇಲ್ಲ. ನನ್ನ ತೀರ್ಪಿನಲ್ಲಿ ಮೊದಲ ಸ್ಥಾನ ಆಕೆಗೇ.

ನಮಗೆ ಇದು ಹೊಸದೇನಲ್ಲ. ಈಟಿವಿ ಕನ್ನಡದಲ್ಲಿ 'ಮುಕ್ತ' ಬರುತ್ತಿದ್ದಾಗ ನಮ್ಮಮ್ಮ ಅಡುಗೆಮನೆ ಬಿಟ್ಟು ಬಂದು ಕೂರುತ್ತಿದ್ದರು. ಟಿ.ಎನ್. ಸೀತಾರಾಮ್ ಅವರ ವಕೀಲ ಸಿಎಸ್‌ಪಿ ಮೇಜು ಗುದ್ದಿದವರಲ್ಲ. ಮೆಲ್ಲಗೆ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುತ್ತಿದ್ದರು. ಆ ಕಾಯುವಿಕೆಯಲ್ಲೇ ಸಾಕ್ಷಿಗೆ ಬೆವರು!

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಒಂದು ಸಂಜೆ ಅಪ್ಪ ಇದ್ದಕ್ಕಿದ್ದಂತೆ ಕೇಳಿದರು: "ರಾಜ್ಯೋತ್ಸವದ ನಾಟಕದಲ್ಲಿ ತಾಯಿ ಪಾತ್ರ ಮಾಡಿದ ಮಗು ಯಾರದೋ? ಚೆನ್ನಾಗಿ ಮಾಡ್ತು."

ನನ್ನ ಕಾಫಿ ಗಂಟಲಲ್ಲೇ ನಿಂತಿತು. ಆ ಸ್ಪರ್ಧೆಯ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಅಂಕಪಟ್ಟಿಯಲ್ಲಿ ಇದ್ದದ್ದು ಉಚ್ಚಾರಣೆ, ಧ್ವನಿ, ಸಂಭಾಷಣೆ. ಗುಡುಗಿದ ಹುಡುಗನಿಗೆ ಬಹುಮಾನ ಕೊಟ್ಟೆವು. ಅವನು ಒಳ್ಳೆಯ ಹುಡುಗ, ಅವನದೇನೂ ತಪ್ಪಿಲ್ಲ. ಆದರೆ ಆ ಹುಡುಗಿಗೆ ಇದ್ದದ್ದು ಎರಡೇ ಮಾತು, ಅದರಲ್ಲೂ 'ಳ'ಕಾರ ತೊಡರಿತು. ಮಗನ ಮಾತು ಕೇಳುತ್ತಾ ಸೆರಗಿನ ತುದಿ ಸುತ್ತುತ್ತಿದ್ದ ಅವಳ ಬೆರಳುಗಳಿಗೆ ನಮ್ಮ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಯುಗಾದಿ ನಾಟಕಕ್ಕೆ ಅವಳು ಹೆಸರು ಕೊಡಲಿಲ್ಲ.

ಇಲ್ಲೇ ಹುಟ್ಟಿದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಯ ಕನ್ನಡ ಹೀಗೇ ತೊಡರುತ್ತದೆ. ನಾಲಿಗೆಗೆ ಮಾತ್ರ ಅಂಕ ಕೊಟ್ಟರೆ ಅವರು ವೇದಿಕೆ ಬಿಟ್ಟು ಹೋಗುತ್ತಾರೆ, ಜೊತೆಗೆ ಕನ್ನಡವನ್ನೂ ಬಿಟ್ಟು ಹೋಗುತ್ತಾರೆ. ಉಚ್ಚಾರಣೆಗೆ ಅಂಕ ಬೇಡ ಎನ್ನುತ್ತಿಲ್ಲ. 50ರಲ್ಲಿ 15 ಅಂಕವನ್ನು, ಎದುರಿನವರು ಮಾತಾಡುವಾಗ ಹೇಗೆ ನಿಂತಿದ್ದರು ಎಂಬುದಕ್ಕೆ ಇಡೋಣ. ಮುಂದಿನ ಸಮಿತಿ ಸಭೆಯಲ್ಲಿ ಕೇಳುವವನಿದ್ದೇನೆ.

ಆ ಹುಡುಗಿಯ ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ, ಅವಳಿಗೆ ಹೇಳಿ: ತಪ್ಪು ತೀರ್ಪು ಕೊಟ್ಟವರಲ್ಲಿ ಒಬ್ಬ ಒಪ್ಪಿಕೊಂಡಿದ್ದಾನೆ. ದೀಪಾವಳಿ ನಾಟಕಕ್ಕೆ ಹೆಸರು ಕೊಡಲಿ.

ನೀವೇನಂತೀರಿ?