ಕಣ್ಣ ಮುಂದೆ ಜರಡಿ!

ಮಕ್ಕಳೇ, ಕಳೆದ ವಾರ ಶಹಾಬಾದಿನ ಅಕ್ಕನ ಮನೆಗೆ ಹೋಗಿದ್ದೆ. ಏಳನೆಯ ತರಗತಿಯಲ್ಲಿರುವ ಅಕ್ಕನ ಮಗ ನನ್ನನ್ನು ಮಾಳಿಗೆಗೆ ಕರೆದೊಯ್ದು ಗುಟ್ಟಾಗಿ ಹೇಳಿದ: “ಮಾಮಾ, ನನ್ನ ಕಣ್ಣು ಕೆಟ್ಟಾವ. ಅವ್ವಗ ಹೇಳಬ್ಯಾಡ್ರಿ.”

ಕೂಡಿಟ್ಟ ದುಡ್ಡಿನಲ್ಲಿ ಅವನು ಜಾತ್ರೆಯಲ್ಲಿ ಒಂದು ವಿ.ಆರ್. ಡಬ್ಬಿ ಕೊಂಡಿದ್ದ. ಮೊಬೈಲನ್ನು ಒಳಗೆ ಸಿಕ್ಕಿಸಿ ಕಣ್ಣಿಗೆ ಕಟ್ಟಿಕೊಳ್ಳುವ ಪ್ಲಾಸ್ಟಿಕ್ಕಿನದು. ಸಮುದ್ರದ ವಿಡಿಯೋ ಹಾಕಿದರೆ ಮೀನುಗಳೆಲ್ಲ ಜರಡಿಯ ಹಿಂದೆ ಈಜಿದ ಹಾಗೆ ಕಂಡವಂತೆ. ಹತ್ತು ನಿಮಿಷಕ್ಕೆ ತಲೆ ಸುತ್ತಿ ವಾಂತಿ ಬಂದಂತಾಯಿತು. ಕನ್ನಡಕ ಬರುತ್ತದೆಂದು ಹೆದರಿ ಎರಡು ವಾರ ಬಾಯಿ ಬಿಟ್ಟಿರಲಿಲ್ಲ, ಪಾಪ.

ಒಂದೊಂದೇ ಕಣ್ಣು ಮುಚ್ಚಿಸಿ, ಬೀದಿಯ ಕೊನೆಯ ಅಂಗಡಿಯ ಬೋರ್ಡು ಓದಿಸಿದೆ. ಸರಾಗವಾಗಿ ಓದಿದ. ಆಮೇಲೆ ಡಬ್ಬಿಯನ್ನು ನಾನೇ ಕಟ್ಟಿಕೊಂಡೆ. ನನಗೂ ಜರಡಿಯೇ!

ಅವನನ್ನು ಪಡಸಾಲೆಗೆ ಕರೆತಂದೆ. ಶಹಾಬಾದಿನ ಮನೆ ಅಂದಮೇಲೆ ನೆಲಕ್ಕೆ ಫರ್ಸಿಯಲ್ಲದೆ ಇನ್ನೇನು? ಬಾಗಿಲಲ್ಲಿ ನಿಂತರೆ ನೆಲವೆಲ್ಲ ಒಂದೇ ಹಾಸು. ಬೋರಲು ಮಲಗಿ ನೋಡಿದರೆ ಕಲ್ಲುಗಳ ನಡುವಿನ ಸಂದುಗಳೇ ಕಣ್ಣಿಗೆ ಹೊಡೆಯುತ್ತವೆ. ಮೊಬೈಲಿನ ಪರದೆಯೂ ಹೀಗೆ ಪುಟ್ಟ ಬೆಳಕಿನ ಚುಕ್ಕಿಗಳ ಹಾಸು. ಅವುಗಳನ್ನು ಪಿಕ್ಸೆಲ್ ಅನ್ನುತ್ತಾರೆ. ಡಬ್ಬಿಯ ಮಸೂರ ಚುಕ್ಕಿಗಳ ಜೊತೆಗೆ ನಡುವಿನ ಕಪ್ಪು ಸಂದನ್ನೂ ಹಿಗ್ಗಿಸಿ ತೋರಿಸುತ್ತದೆ.

ಲೆಕ್ಕ ಮಾಡೋಣ. ತೋಳು ಚಾಚಿ ಕಿರುಬೆರಳು ಎತ್ತಿ ಹಿಡಿಯಿರಿ. ಅದರ ಅಗಲ ಸುಮಾರು 1 ಡಿಗ್ರಿ. ಅಷ್ಟು ಜಾಗದಲ್ಲಿ 60ರಷ್ಟು ಚುಕ್ಕಿಗಳಿದ್ದರೆ ಚೆನ್ನಾಗಿರುವ ಕಣ್ಣಿಗೆ ಚಿತ್ರ ನುಣ್ಣಗೆ ಕಾಣುತ್ತದೆ. ಮೊಬೈಲನ್ನು ಒಂದಡಿ ದೂರದಲ್ಲಿ ಹಿಡಿದಾಗ ಅಷ್ಟು ಇರುತ್ತವೆ. ಡಬ್ಬಿಯಲ್ಲಿ? ಅಡ್ಡಕ್ಕೆ 1920 ಚುಕ್ಕಿಗಳಿದ್ದರೆ ಒಂದೊಂದು ಕಣ್ಣಿಗೆ 960. ಅವು 90 ಡಿಗ್ರಿ ಅಗಲಕ್ಕೆ ಹರಡಿದರೆ, ಡಿಗ್ರಿಗೆ ಹನ್ನೊಂದೂ ಇಲ್ಲ!

ಡಬ್ಬಿಯ ಮೇಲೆ ‘4ಕೆ’ ಎಂದು ದೊಡ್ಡದಾಗಿ ಬರೆದಿತ್ತು. ಪರದೆಯೇ ಇಲ್ಲದ ಡಬ್ಬಿಗೆ ಎಂಥ 4ಕೆ? ಸುತ್ತಲೂ ಕಾಣುವ 4ಕೆ ವಿಡಿಯೋ ಆದರೂ 3840 ಚುಕ್ಕಿಗಳನ್ನು 360 ಡಿಗ್ರಿಗೆ ಹಂಚಬೇಕು. ಮತ್ತೆ ಅದೇ ಹನ್ನೊಂದರೊಳಗೆ.

ತಲೆಸುತ್ತಿನ ಕಥೆ ಬೇರೆ. ನಾವು ತಲೆ ತಿರುಗಿಸಿದ್ದು ಒಳಕಿವಿಗೆ ಕೂಡಲೇ ಗೊತ್ತಾಗುತ್ತದೆ. ಚಿತ್ರ ತಡವಾಗಿ ತಿರುಗಿದರೆ ಕಣ್ಣಿಗೂ ಕಿವಿಗೂ ತಕರಾರು, ಹೊಟ್ಟೆಗೆ ಸಂಕಟ. ಅದಕ್ಕೇ 2016ರಲ್ಲಿ ಬಂದ ಆಕ್ಯುಲಸ್ ರಿಫ್ಟ್ ಸೆಕೆಂಡಿಗೆ 90 ಸಲ ಹೊಸ ಚಿತ್ರ ತೋರಿಸುತ್ತಿತ್ತು. ಅದರ ಪರದೆಗಳಿಗೆ ಸೆಕೆಂಡಿಗೆ 23 ಕೋಟಿಗೂ ಹೆಚ್ಚು ಚುಕ್ಕಿಗಳನ್ನು ಬಿಡಿಸಬೇಕಿತ್ತು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಪಕ್ಕದಲ್ಲಿದ್ದರೆ ಮಾತ್ರ ಅದು ನಡೆಯುತ್ತಿತ್ತು. ಅಕ್ಕನ ಹಳೆಯ ಮೊಬೈಲು ಆ ಹೊರೆ ಹೊರುವುದುಂಟೆ?

ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು! “ಹಂಗಾದ್ರ ದೊಡ್ಡದು ತಗೊಂಡ್ರ ಛಲೋ ಕಾಣ್ತದೇನು?”

ಕಾಣುತ್ತದೆ. 2023ರ ಕ್ವೆಸ್ಟ್ 3ರಲ್ಲಿ ಒಂದೊಂದು ಕಣ್ಣಿಗೆ 2064 ಅಡ್ಡ, 2208 ಉದ್ದದ ಚುಕ್ಕಿಗಳು. ಡಿಗ್ರಿಗೆ ಸುಮಾರು 25. ಜರಡಿ ಬಹುಮಟ್ಟಿಗೆ ಮಾಯ. ಆದರೂ ಕಣ್ಣು ಬಯಸುವುದರ ಅರ್ಧವೂ ಅಲ್ಲ, ಬೆಲೆಯೂ ಹತ್ತಾರು ಸಾವಿರ. ಹತ್ತು ವರ್ಷದೊಳಗಿನವರಿಗೆ ಬೇಡವೆಂದು ತಯಾರಿಸಿದವರೇ ಹೇಳುತ್ತಾರೆ. ನಾನಾದರೆ ಸದ್ಯಕ್ಕೆ ಕೊಳ್ಳುವುದಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರವೇ ಇದೆ. ಅಲ್ಲಿನ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿರುವ ಶಿಲ್ಪ ಸಿಕ್ಕಿದೆ. ಅಂಥ ಸಣ್ಣ ಅಕ್ಷರಗಳು ಡಿಗ್ರಿಗೆ ಹನ್ನೊಂದು ಚುಕ್ಕಿಯಲ್ಲಿ ಬರೀ ಗೀಚು.

“ಆದ್ರೂ ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸ್ಕೊಂಡ ಬರ್ತೀನಿ” ಅಂದಳು ಅಕ್ಕ. ಅದೂ ಸರಿಯೇ. ಹುಡುಗನ ಕಿವಿ ಇತ್ತ ಇರಲಿಲ್ಲ. ಸ್ಕೇಲು ಹಿಡಿದು ಫರ್ಸಿಯ ಸಂದು ಅಳೆಯುತ್ತಿದ್ದ.