ಟೂಂಗಾಬಿಯಲ್ಲಿ ಡ್ರಮ್ ಖರೀದಿ

ಕಳೆದ ವರ್ಷದ ಸಂಚಿಕೆಯಲ್ಲಿ ಈ ಅಂಕಣದಲ್ಲಿ ಬಿ.ಪಿ. ಮಾತ್ರೆಗಳ ಬಗ್ಗೆ ಬರೆದಿದ್ದೆವು. ಈ ಸಲ ಡ್ರಮ್ಮು. ನಗಬೇಡಿ. ಊರಲ್ಲಿರುವ ಮಗ "ಅಪ್ಪಾ, ನನಗೆ ಡ್ರಮ್ ಸೆಟ್ ಬೇಕು" ಎಂದು ವಾಟ್ಸಾಪ್‌ನಲ್ಲಿ ಪಟ್ಟು ಹಿಡಿದಿದ್ದಾನೆ, ಏನು ಮಾಡಲಿ ಎಂದು ಕೌಂಟರಿನ ಬಳಿ ಔಷಧಿ ತೆಗೆದುಕೊಳ್ಳುತ್ತಾ ಕೇಳಿದವರು ನಮ್ಮ ಬಳಗದಲ್ಲೇ ಮೂರ್ನಾಲ್ಕು ಮಂದಿ ಇದ್ದಾರೆ. ಆಗ ನಮಗೆ ಉತ್ತರ ಗೊತ್ತಿರಲಿಲ್ಲ. ಈಗ ಸ್ವಲ್ಪ ಗೊತ್ತಿದೆ. (ನಾವು ಎಂದರೆ ಗಂಡ ಹೆಂಡತಿ ಇಬ್ಬರು. ಬರೆಯುವುದು ಆಸ್ಪತ್ರೆ ಫಾರ್ಮಸಿಯಲ್ಲಿ ನಿಲ್ಲುವವಳು, ತಿದ್ದುವುದು ಮನೆಯವರು.)

ಈ ಬಾರಿಯ ರಜೆಗೆ ಊರಿಗೆ ಹೋಗದೆ ಆಸ್ಟ್ರೇಲಿಯಾದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆವು. ಸಿಡ್ನಿ ನಗರದಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ದೂರದ ಟೂಂಗಾಬಿ. ರೈಲಿನಲ್ಲಿ ವೆಂಟ್‌ವರ್ತ್‌ವಿಲ್, ಪೆಂಡಲ್ ಹಿಲ್ ದಾಟಿದರೆ ಮುಂದಿನ ಸ್ಟೇಷನ್. ತಂಗಿಯ ಮಗ ಹನ್ನೊಂದನೇ ತರಗತಿ. ಅಲ್ಲಿಯ ಎಚ್.ಎಸ್.ಸಿ. ಪರೀಕ್ಷೆಗೆ ಸಂಗೀತವನ್ನೂ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು, ಡ್ರಮ್ ಬಾರಿಸಿಯೇ ಅಂಕ ಗಳಿಸಬಹುದು. ಹುಡುಗ ಅದನ್ನೇ ಆರಿಸಿಕೊಂಡಿದ್ದಾನೆ. ಬಾರಿಸುವುದು ಮೆಟಲ್. ಶನಿವಾರ ಭಾನುವಾರ ಅಂಗಡಿಯೊಂದರಲ್ಲಿ ದುಡಿದು ಹಣ ಕೂಡಿಸಿದ್ದ. ಅವನ ಅಪ್ಪ ಮಾತ್ರ "ಪರೀಕ್ಷೆ ಮುಗಿಯಲಿ, ಆಮೇಲೆ ನೋಡುವ" ಎನ್ನುತ್ತಿದ್ದರು. ಬಾರಿಸಲು ಸೆಟ್ಟೇ ಇಲ್ಲದೆ ಬಾರಿಸುವ ಪರೀಕ್ಷೆ ಹೇಗೆ ಬರೆಯುವುದು ಎಂಬುದು ಹುಡುಗನ ವಾದ. ಅಪ್ಪ ಮಗ ಒಂದು ತಿಂಗಳಿನಿಂದ ಸರಿಯಾಗಿ ಮಾತಾಡಿರಲಿಲ್ಲ. ತಂಗಿ ನಮ್ಮನ್ನು ಕರೆಸಿಕೊಂಡದ್ದಕ್ಕೆ ಅದೂ ಒಂದು ಕಾರಣ ಇರಬೇಕು. ಕೊನೆಗೆ ಒಟ್ಟು 2,500 ಡಾಲರ್ ಮೀರಬಾರದು, ಪಕ್ಕದ ಮನೆಯವರಿಂದ ದೂರು ಬರಬಾರದು ಎಂಬ ಎರಡು ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಮೆಟಲ್ ಎಂದರೆ ಬರೀ ಗಲಾಟೆ ಎಂದುಕೊಂಡಿರುವವರಿಗೆ ಒಂದು ಮಾತು. 2007ರ ಮಾರ್ಚ್ 9ರಂದು ಐರನ್ ಮೇಡನ್ ತಂಡ ದುಬೈಯ ಡೆಸರ್ಟ್ ರಾಕ್ ಉತ್ಸವದಲ್ಲಿ ಬಾರಿಸಿ, ಎಂಟು ದಿನ ಬಿಟ್ಟು 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿತ್ತು. 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಕೂಡ ಹಾಗೆಯೇ, 25ರಂದು ಅಬುಧಾಬಿ, 30ರಂದು ಬೆಂಗಳೂರು. ನಾವು ವಿಮಾನ ಹತ್ತುವ ದಾರಿಯಲ್ಲೇ ಅವರೂ ಬಂದು ಹೋಗಿದ್ದಾರೆ. ಬೆಂಗಳೂರಿನದೇ ತಂಡ ಕ್ರಿಪ್ಟೋಸ್ 1998ರಲ್ಲಿ ಶುರುವಾಗಿ ಜರ್ಮನಿಯ ವಾಕೆನ್ ಉತ್ಸವದವರೆಗೆ ಹೋಯಿತು. ಟೂಂಗಾಬಿಯ ಪಕ್ಕದ ಬ್ಲ್ಯಾಕ್‌ಟೌನ್‌ನಲ್ಲಿ 2006ರಲ್ಲಿ ಹುಟ್ಟಿದ ತಂಡವೊಂದು ಈಗ ಲೋಕವಿಡೀ ತಿರುಗುತ್ತದೆ. ಅದರ ಹೆಸರು ದೈ ಆರ್ಟ್ ಈಸ್ ಮರ್ಡರ್. ಅರ್ಥ ಹೇಳಿದ ಕೂಡಲೇ ಅಮ್ಮ "ರಾಮ ರಾಮ" ಎಂದು ಎದ್ದು ಹೋದರು. ಹೆಸರು ನಮಗೂ ಹಿಡಿಸಲಿಲ್ಲ. ಆದರೆ ಕೈಕಾಲಿನ ಅಭ್ಯಾಸ ನೋಡಿದರೆ ಕೈ ಮುಗಿಯಬೇಕು.

ಈ ಲೆಕ್ಕ ನೋಡಿ. ನಿಮಿಷಕ್ಕೆ 200 ಬೀಟ್ ಓಡುವ ಹಾಡಿನಲ್ಲಿ ಒಂದು ಬೀಟಿಗೆ ನಾಲ್ಕರಂತೆ ಕಾಲಿನ ಪೆಟ್ಟು ಬಿದ್ದರೆ ನಿಮಿಷಕ್ಕೆ 800, ಸೆಕೆಂಡಿಗೆ 13ಕ್ಕಿಂತ ಹೆಚ್ಚು. ಒಂದು ಪೆಟ್ಟಿನ ಗುಂಯ್ ಎನ್ನುವ ಸದ್ದು ಇಳಿಯುವ ಮೊದಲೇ ಮುಂದಿನದು ಬಿದ್ದರೆ ಎಲ್ಲ ಕಲಸಿ ಗಂಜಿ ಆಗುತ್ತದೆ. ಹಾಗಾಗಿ ಮೆಟಲಿಗೆ ಬೇಕಾದದ್ದು ಗಟ್ಟಿ ಸದ್ದಿಗಿಂತ ಮೊದಲು ಚುಟುಕಾದ, ಬಿಡಿಬಿಡಿಯಾದ ಸದ್ದು. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧದ ಸನ್ನಿವೇಶದಲ್ಲಿ ಚೆಂಡೆಯ ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳಿದರೇ ಚಂದ.

ನಮ್ಮ ಮುಂದೆ ನಾಲ್ಕು ಹೆಸರು ಇದ್ದವು. ಪರ್ಲ್ ಕಂಪನಿಯ ಎಕ್ಸ್‌ಪೋರ್ಟ್, ಯಮಹಾದ ಸ್ಟೇಜ್ ಕಸ್ಟಮ್ ಬರ್ಚ್, ಟಾಮಾದ ಸೂಪರ್‌ಸ್ಟಾರ್ ಕ್ಲಾಸಿಕ್, ಮೇಪೆಕ್ಸ್‌ನ ಆರ್ಮರಿ. ಎಲ್ಲವೂ ಮಧ್ಯಮ ಬೆಲೆಯವು. ವ್ಯತ್ಯಾಸ ಇರುವುದು ಮುಖ್ಯವಾಗಿ ಮರದಲ್ಲಿ. ಚೆಂಡೆಗೆ ಹಲಸಿನ ಮರ ಇದ್ದ ಹಾಗೆ ಇವಕ್ಕೂ ಒಂದೊಂದು ಮರ, ಆದರೆ ಕೊರೆದದ್ದಲ್ಲ, ತೆಳು ಹಾಳೆಗಳನ್ನು ಅಂಟಿಸಿ ಸುತ್ತಿದ್ದು. ಎಕ್ಸ್‌ಪೋರ್ಟ್‌ನಲ್ಲಿ ಪಾಪ್ಲರ್ ಮತ್ತು ಮಹಾಗನಿ ಜಾತಿಯ ಮರ. ಸ್ಟೇಜ್ ಕಸ್ಟಮ್ ಪೂರ್ತಿ ಬರ್ಚ್. ಸೂಪರ್‌ಸ್ಟಾರ್ ಪೂರ್ತಿ ಮೇಪಲ್. ಆರ್ಮರಿಯಲ್ಲಿ ಬರ್ಚ್, ಮೇಪಲ್ ಎರಡರ ಮಿಶ್ರಣ. ಮೇಪಲ್ಲಿನ ಸದ್ದು ದುಂಡಗೆ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಬರ್ಚಿನದು ಚುರುಕು, ಬೇಗ ಇಳಿಯುತ್ತದೆ.

ಹುಡುಗನ ಕಣ್ಣು ಸೂಪರ್‌ಸ್ಟಾರಿನ ಮೇಲೆ. ಬಣ್ಣಕ್ಕೇ ಸೋತಿದ್ದ. ಅಂಗಡಿಯಲ್ಲಿ ನಾಲ್ಕನ್ನೂ ಬಾರಿಸಿ ನೋಡಿದ. ಅವನನ್ನು ಕಣ್ಣು ಮುಚ್ಚಿ ಕೂರಿಸಿ ಮನೆಯವರು ಒಂದೊಂದಕ್ಕೂ ಪೆಟ್ಟು ಹಾಕಿದರು. ಅಂಗಡಿಯವ ಪಾಪ ಸುಮ್ಮನೆ ನೋಡುತ್ತಿದ್ದ. ಯಾವುದು ಯಾವುದೆಂದು ಹುಡುಗನಿಗೆ ಹೇಳಲಾಗಲಿಲ್ಲ. ಅದು ಅವನ ಕಿವಿಯ ದೋಷ ಅಲ್ಲ. ಮೇಲೆ ಬಿಗಿಯುವ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಹೆಡ್ ಎನ್ನುತ್ತಾರೆ, ಅದು ಯಾವುದು, ಎಷ್ಟು ಬಿಗಿದಿದೆ ಎನ್ನುವುದು ಮರಕ್ಕಿಂತ ಹೆಚ್ಚು ಸದ್ದನ್ನು ಬದಲಿಸುತ್ತದೆ. ನಮ್ಮ ಕೌಂಟರಿನಲ್ಲಿ ದಿನಾ ನಡೆಯುವ ಮಾತೇ ಇದು. ಒಳಗಿನ ಔಷಧ ಒಂದೇ, ಪ್ರಮಾಣ ಒಂದೇ, ಆದರೂ ಪೆಟ್ಟಿಗೆಯ ಬಣ್ಣ ಬೇರೆಯಾದರೆ "ಇದು ನನ್ನ ಮಾತ್ರೆ ಅಲ್ಲ ಸಿಸ್ಟರ್" ಎಂದು ಜಗಳಕ್ಕೆ ಬರುವವರಿದ್ದಾರೆ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ನಮ್ಮ ಲೆಕ್ಕದಲ್ಲಿ ಮೊದಲು ಕಾಲಿಗೆ. ಮೆಟಲಿನವರಿಗೆ ಎರಡು ಬಾಸ್ ಡ್ರಮ್ ಇರಲೇಬೇಕೆಂದು ಕೆಲವರು ಹೇಳುತ್ತಾರೆ. ಮೆಟಾಲಿಕಾದ ಲಾರ್ಸ್ ಉಲ್ರಿಕ್ ಎರಡಿಟ್ಟುಕೊಂಡೇ ಹೆಸರಾದವರು. ಆದರೆ ಐರನ್ ಮೇಡನ್ನಿನ ನಿಕೋ ಮೆಕ್‌ಬ್ರೇನ್ ಒಂದೇ ಡ್ರಮ್, ಒಂದೇ ಪೆಡಲ್, ಒಂದೇ ಕಾಲಿನಲ್ಲಿ ದಶಕಗಟ್ಟಲೆ ಬಾರಿಸಿದರು. ಇವೆರಡರ ನಡುವಿನ ದಾರಿ ಡಬಲ್ ಪೆಡಲ್. ಒಂದೇ ಡ್ರಮ್ಮಿಗೆ ಎರಡು ಕೊಡತಿ, ಎರಡೂ ಕಾಲಿನಿಂದ ಹೊಡೆಯುವುದು. ಜಾಗವೂ ಉಳಿಯುತ್ತದೆ, ಹಣವೂ. ಇದನ್ನು ಮಾತ್ರ ಹೊಸದೇ ಕೊಳ್ಳಿ. ಹಳತಾದರೆ ಬೇರಿಂಗ್ ಸವೆದು ಎಡಗಾಲು ಬಲಗಾಲಿನ ಹಿಂದೆ ಬೀಳುತ್ತದೆ. ನಾವು ಟಾಮಾದ ಐರನ್ ಕೋಬ್ರಾ ತೆಗೆಸಿದೆವು. ಬಾಸ್ ಡ್ರಮ್ಮಿಗೆ ಅಂಚಿನಲ್ಲಿ ಸ್ಪಂಜಿನ ಉಂಗುರ ಇರುವ ಹೆಡ್ ಹಾಕಿದರೆ ಸದ್ದು ಚುಟುಕಾಗುತ್ತದೆ. ಅದೂ ಬೇಡವೆಂದರೆ ಒಳಗೆ ಒಂದು ಹಳೆಯ ದಿಂಬು ಇಡಿ, ದೊಡ್ಡ ದೊಡ್ಡವರೂ ಅದನ್ನೇ ಮಾಡುವುದು.

ಆಮೇಲೆ ಸಿಂಬಲ್. ಇಲ್ಲಿ ಎಚ್ಚರ ಬೇಕು. "ಶೆಲ್ ಪ್ಯಾಕ್" ಎಂದು ಬರೆದಿದ್ದರೆ ಡ್ರಮ್ ಮಾತ್ರ. ಸಿಂಬಲ್ ಇರುವುದಿಲ್ಲ, ಎಷ್ಟೋ ಸಲ ಸ್ಟ್ಯಾಂಡೂ ಇರುವುದಿಲ್ಲ. ಊರಲ್ಲಿ ಮಗ ಕಳಿಸಿದ ಫೋಟೋ ನೋಡಿ ಹಣ ಹಾಕುವ ಮೊದಲು ಇದನ್ನು ಕೇಳಿ. ಅಗ್ಗದ ಸಿಂಬಲ್ಲುಗಳು ಹಿತ್ತಾಳೆಯವು, ಬಾಣಲೆ ಬಡಿದ ಹಾಗೆ ಕೇಳುತ್ತವೆ. ಒಳ್ಳೆಯವು ಕಂಚು. ಬಿ8 ಎಂದರೆ ನೂರರಲ್ಲಿ 8 ಭಾಗ ತವರ, ಬಿ20 ಎಂದರೆ 20 ಭಾಗ, ಉಳಿದದ್ದು ತಾಮ್ರ. ಗಂಟೆ ಎರಕ ಹೊಯ್ಯುವ ಕಂಚಿನಲ್ಲೂ ತವರ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಜಿಲ್ಜಿಯನ್ ಎಂಬ ಹೆಸರು ಕೇಳಿರಬಹುದು. 1623ರಲ್ಲಿ ಇಸ್ತಾಂಬುಲ್‌ನಲ್ಲಿ ಶುರುವಾದ ಅರ್ಮೇನಿಯನ್ ಮನೆತನದ ಕಸುಬು. ತುರ್ಕಿಯಲ್ಲಿ ಜಿಲ್ ಎಂದರೆ ತಾಳವೇ. ಈಗ ಅಮೆರಿಕದಲ್ಲಿದ್ದಾರೆ. ಬಿ20 ದುಬಾರಿ. ಅದಕ್ಕೇ ನಾವು ಹೈ-ಹ್ಯಾಟ್ ಮತ್ತು ರೈಡ್ ಎರಡನ್ನು ಮಾತ್ರ ಒಳ್ಳೆಯದು ತೆಗೆದು, ಕ್ರ್ಯಾಶಿಗೆ ಸದ್ಯಕ್ಕೆ ಬಿ8 ಸಾಕೆಂದೆವು.

ಇಷ್ಟಾದ ಮೇಲೆ ಡ್ರಮ್ಮಿಗೆ ಉಳಿದ ಹಣದಲ್ಲಿ ಹೊಸ ಸೆಟ್ ಬರಲಿಲ್ಲ. ಪ್ಯಾರಮಾಟಾ ಕಡೆಯವರೊಬ್ಬರಿಂದ ಹಳೆಯ ಸ್ಟೇಜ್ ಕಸ್ಟಮ್ ತಂದೆವು. ಮರ ಪೆಡಲಿನಂತೆ ಸವೆಯುವುದಿಲ್ಲ. ಹೆಡ್ ಬಿಚ್ಚಿಸಿ ಮರದ ಅಂಚಿನ ಮೇಲೆ ಬೆರಳಾಡಿಸಿ, ಎಲ್ಲೂ ಕಚ್ಚು ಇರಬಾರದು. ಸಮತಟ್ಟಾದ ಗಾಜಿನ ಮೇಲೆ ಬೋರಲು ಇಟ್ಟು ಒಳಗಿಂದ ಟಾರ್ಚ್ ಬಿಟ್ಟರೆ ಬೆಳಕು ಹೊರಗೆ ಸೋರಬಾರದು. ಹೊರಗಿನ ಗೀರು ಎಷ್ಟಿದ್ದರೂ ಲೆಕ್ಕಕ್ಕಿಲ್ಲ, ಚೌಕಾಸಿಗೆ ಅನುಕೂಲವೇ ಆಯಿತು. ಹುಡುಗನ ಮುಖ ಎರಡು ದಿನ ಸಪ್ಪಗಿತ್ತು. ಮೂರನೇ ದಿನ ಪೆಡಲ್ ಜೋಡಿಸಿದ ಮೇಲೆ ಬಣ್ಣ ಮರೆತ.

ಇನ್ನು ಪಕ್ಕದ ಮನೆ. ಆ ರಾಜ್ಯದಲ್ಲಿ ವಾದ್ಯದ ಸದ್ದು ನೆರೆಮನೆಯ ಕೋಣೆಯೊಳಗೆ ಕೇಳಿಸಬಾರದ ಹೊತ್ತು ಕಾನೂನಿನಲ್ಲೇ ಇದೆ. ಸಾಮಾನ್ಯ ದಿನ ರಾತ್ರಿ 10ರಿಂದ ಬೆಳಿಗ್ಗೆ 8, ಶುಕ್ರವಾರ ಶನಿವಾರ ಮತ್ತು ರಜೆಯ ಹಿಂದಿನ ದಿನ ನಡುರಾತ್ರಿಯಿಂದ 8. ಭಾವನವರು ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರು. ಆದರೆ ಪಕ್ಕದ ಮನೆಯಾಕೆ ನರ್ಸ್, ನೈಟ್ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುವವರು. ಕಾನೂನಿನ ಪ್ರಕಾರ ಬೆಳಿಗ್ಗೆ 11 ಗಂಟೆಗೆ ಬಾರಿಸಬಹುದು, ಆದರೆ ಆಕೆಗೆ ಅದು ನಡುರಾತ್ರಿ. ಡ್ಯೂಟಿ ಮುಗಿಸಿ ಬಂದು, ಪಕ್ಕದ ರೂಮಿನ ಟಿ.ವಿ. ಸದ್ದಿಗೆ ನಿದ್ದೆ ಬಾರದೆ ಹೊರಳಾಡಿದ ನಮ್ಮಂಥವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹುಡುಗನನ್ನೇ ಕಳಿಸಿದೆವು. ಆಕೆಯ ಡ್ಯೂಟಿ ಪಟ್ಟಿ ಕೇಳಿ ಬರೆದುಕೊಂಡು ಬಂದ. ಈಗ ಸಂಜೆ 4ರಿಂದ 5:30. ಆಕೆ ಮಲಗುವ ದಿನ ಡ್ರಮ್ಮಿಲ್ಲ, ರಬ್ಬರ್ ಪ್ಯಾಡ್ ಮಾತ್ರ. ಎಲೆಕ್ಟ್ರಾನಿಕ್ ಸೆಟ್ ತಂದರೆ ಈ ತಾಪತ್ರಯವೇ ಇಲ್ಲ ಎಂದು ಭಾವನವರು ಈಗಲೂ ಹೇಳುತ್ತಾರೆ. ಜಾಲಿ ಹೆಡ್ಡಿನವು ನಿಜಕ್ಕೂ ಸದ್ದು ಕಡಿಮೆ, ಫ್ಲಾಟಿನಲ್ಲಿರುವವರಿಗೆ ಅದೇ ಸರಿ. ಆದರೂ ಕಾಲಿನ ಪೆಟ್ಟಿನ ಅದುರು ಕೆಳಗಿನ ಮನೆಗೆ ಇಳಿಯುತ್ತದೆ, ಅಡಿಗೆ ದಪ್ಪ ಚಾಪೆ ಬೇಕೇ ಬೇಕು.

ಕಿವಿಯ ಬಗ್ಗೆ ಹೇಳದಿದ್ದರೆ ಔಷಧಿಯವರಾಗಿ ನಮಗೆ ಸಮಾಧಾನ ಇಲ್ಲ. ಸದ್ದಿಗೂ ಡೋಸ್ ಇದೆ. ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ. ಹೀಗೆ ಇಳಿಯುತ್ತಾ 100ಕ್ಕೆ ಬಂದಾಗ ಉಳಿಯುವುದು 15 ನಿಮಿಷ. ಗಟ್ಟಿಯಾಗಿ ಬಾರಿಸುವವನ ಕಿವಿಯ ಬಳಿ 100 ದಾಟುವುದು ಸುಲಭ. ಒಳಗಿವಿಯ ಸೂಕ್ಷ್ಮ ಕೂದಲಿನಂಥ ಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಅದಕ್ಕೆ ನಮ್ಮ ಕಪಾಟಿನಲ್ಲಿ ಯಾವ ಮಾತ್ರೆಯೂ ಇಲ್ಲ. ಜೆಂಟಾಮೈಸಿನ್‌ನಂಥ ಇಂಜೆಕ್ಷನ್ನಿನಿಂದಲೂ ಕೆಲವರಿಗೆ ಇದೇ ಹಾನಿ ಆಗುವುದುಂಟು. ಅಂಥದ್ದು ತೆಗೆದುಕೊಳ್ಳುತ್ತಿರುವಾಗ ಡ್ರಮ್ಮಿನ ಹತ್ತಿರ ಹೋಗಬೇಡಿ. ಹುಡುಗನಿಗೆ ನಾವು ಕೊಟ್ಟ ಉಡುಗೊರೆ ಒಂದು ಜೊತೆ ಇಯರ್ ಮಫ್, ನಮ್ಮಲ್ಲಿ ಸೈಟಿನಲ್ಲಿ ಸೇಫ್ಟಿಯವರು ಕೊಡುವಂಥದ್ದೇ. ಹಾಕಿಕೊಂಡು "ದೊಡ್ಡಮ್ಮಾ, ಈಗ ಬಾಸ್ ಇನ್ನೂ ಚೆನ್ನಾಗಿ ಕೇಳ್ತದೆ" ಎಂದ. ಚುರುಕು ಸದ್ದನ್ನು ಹೆಚ್ಚು, ದಪ್ಪ ಸದ್ದನ್ನು ಕಡಿಮೆ ತಡೆಯುವುದರಿಂದ ಹಾಗೆ. ಜನರೇಟರಿನ ಪಕ್ಕ, ಜ್ಯಾಕ್ ಹ್ಯಾಮರಿನ ಪಕ್ಕ ನಿಲ್ಲುವವರು ಬಿಸಿಲಿಗೆ ಅದನ್ನು ಕುತ್ತಿಗೆಗೆ ನೇತು ಹಾಕಿಕೊಂಡಿರುವುದನ್ನು ನೋಡಿದ್ದೇವೆ. ಬೆವರಿಗೆ ಮಫ್ ಆಗದಿದ್ದರೆ ಸ್ಪಂಜಿನ ಪ್ಲಗ್ ಕೇಳಿ ಪಡೆಯಿರಿ. ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದು ಒಳಗೆ ಸೇರಿಸಿ, ಉಬ್ಬುವ ತನಕ ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಬೇಕು.